ಜೆಂಕಿನ್ಸನ್ನರ ಕೈಪಿಡಿಯೂ ಪತ್ರಾಗಾರದ ಉಮೇದುವಾರನೂ

ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರನೆಂಬ ಒಬ್ಬನಿರುತ್ತಿದ್ದನು. ಅವನಿಗೆ ಸಂಬಳವಿಲ್ಲ, ಹುದ್ದೆಯಿಲ್ಲ, ಕುಳಿತುಕೊಳ್ಳುವುದಕ್ಕೆ ಇಂಥದೇ ಎಂಬ ಸ್ಥಳವೂ ಇಲ್ಲ. ಗುಮಾಸ್ತೆಯ ಮಗ್ಗುಲಲ್ಲಿ ಕುಳಿತು ನಕಲು ತೆಗೆಯುತ್ತ, ದಫ್ತರವನ್ನು ಬಿಚ್ಚುತ್ತ ಕಟ್ಟುತ್ತ, ಎಂದಾದರೂ ಒಂದು ದಿನ ತನಗೂ ಒಂದು ಜಾಗ ತೆರವಾದೀತೆಂದು ಅವನು ಕಾದಿರುತ್ತಿದ್ದನು. ಉಮೇದೆಂದರೆ ಆಸೆ, ಆಸೆಯೇ ಅವನ ಹೆಸರಾಯಿತು. ಈಚಿನ ವಿಶ್ವವಿದ್ಯಾನಿಲಯಗಳು ಪತ್ರಾಗಾರಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳನ್ನು ಕೆಲವು ವಾರಗಳ ಮಟ್ಟಿಗೆ ಯಾವುದಾದರೊಂದು ದಾಖಲೆಯ ಮನೆಗೆ ಕಳುಹಿಸಿ ಕೈಕೆಲಸ ಕಲಿಸುವ ಏರ್ಪಾಡನ್ನು ಮಾಡಿಕೊಂಡಿವೆ. ಏರ್ಪಾಡು ಹೊಸದು, ಮನುಷ್ಯನು ಹಳಬನೇ. ಈ ಹೊಸ ಉಮೇದುವಾರನ ಕೈಗೆ ಗುರುಗಳು ಕೊಡುವ ಗ್ರಂಥಗಳಲ್ಲಿ ಮೊದಲನೆಯ ಸಾಲಿನದು ಇಂಗ್ಲೆಂಡಿನ ಹಿಲರಿ ಜೆಂಕಿನ್ಸನ್ನರು ೧೯೨೨ರಲ್ಲಿ ಪ್ರಕಟಿಸಿದ ‘ಪತ್ರಾಗಾರ ನಿರ್ವಹಣೆಯ ಕೈಪಿಡಿ’. ನೂರು ವರ್ಷಗಳನ್ನು ದಾಟಿಯೂ ಪಾಠಪಟ್ಟಿಯಿಂದ ಕಳಚಿಹೋಗದಿರುವ ಈ ಪುಸ್ತಕವು ಕಲಿಯುವವನಿಗೆ ಎಷ್ಟು ದೂರ ದಾರಿ ತೋರಿಸುತ್ತದೆ, ಎಲ್ಲಿ ಅವನ ಕೈಬಿಡುತ್ತದೆ ಎಂಬುದು ವಿಚಾರಾರ್ಹವಾದ ವಿಷಯ.

ಜೆಂಕಿನ್ಸನ್ನರು (೧೮೮೨–೧೯೬೧) ಲಂಡನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿಯನ್ನು ೧೯೦೬ರಲ್ಲಿ ಸೇರಿದವರು. ಆ ಕಚೇರಿಯಲ್ಲಿಯೇ ಬೆಳೆದು, ೧೯೪೭ರಿಂದ ೧೯೫೪ರವರೆಗೆ ಅದರ ಅಧಿಪತ್ಯವನ್ನು ವಹಿಸಿದರು. ಚಾರ್ಲ್ಸ್ ಜಾನ್ಸನ್ನರೊಡಗೂಡಿ ೧೯೧೫ರಲ್ಲಿ ಇವರು ಹೊರತಂದ ಇಂಗ್ಲಿಷ್ ಕಚೇರಿಯ ಹಳೆಯ ಬರವಣಿಗೆಯ ಗ್ರಂಥವು ವಿದ್ವಾಂಸರ ಮೆಚ್ಚುಗೆಯನ್ನು ಪಡೆದಿತ್ತು. ಕೈಪಿಡಿಯು ಹುಟ್ಟಿದುದು ಮಾತ್ರ ಬರಿಯ ಪಾಂಡಿತ್ಯದಿಂದಲ್ಲ. ೧೯೧೪ರ ಮಹಾಯುದ್ಧವು ಮುಗಿಯುವ ಹೊತ್ತಿಗೆ ಯುರೋಪಿನ ಕಚೇರಿಗಳಲ್ಲಿ ಕಾಗದದ ಬೆಟ್ಟಗಳೇ ಎದ್ದಿದ್ದುವು. ಯುದ್ಧದ ಆರ್ಥಿಕ ಸಾಮಾಜಿಕ ಚರಿತ್ರೆಯನ್ನು ಬರೆಯಿಸಲು ಕಾರ್ನೆಗಿ ದತ್ತಿಯವರು ಕೈಗೊಂಡ ಗ್ರಂಥಮಾಲೆಯಲ್ಲಿ ಇದೂ ಒಂದಾಗಿ ಬಂತು. ಐದು ಭಾಗಗಳ ಈ ಪುಸ್ತಕದ ಕೊನೆಯ ಭಾಗಕ್ಕೆ ಯುದ್ಧಕಾಲದ ದಾಖಲೆಗಳೆಂದೇ ಹೆಸರು. ಐದರಲ್ಲಿ ಒಂದೂ ಕಲಿಯುವವನಿಗೆ ಮೀಸಲಾಗಿಲ್ಲವೆಂಬುದನ್ನು ಇಲ್ಲಿಯೇ ಗುರುತಿಸಿಡಬೇಕು. ಗ್ರಂಥಕರ್ತರ ಕಣ್ಣೆಲ್ಲ ಕಾಗದದ ಮೇಲೆ. ಕಾಗದವನ್ನು ಮುಟ್ಟುವ ಕೈಯ ಮೇಲಲ್ಲ.

ಕಾಗದದ ವಿಷಯದಲ್ಲಿ ಅವರು ಹೇಳುವ ಮಾತಾದರೋ ಒಬ್ಬ ಹಿರಿಯ ನ್ಯಾಯಾಧಿಪತಿಯ ಮಾತಿನಂತೆ ಗಂಭೀರವಾಗಿದೆ. ಒಂದು ವ್ಯವಹಾರವನ್ನು ನಡೆಸುವ ಕಾಲದಲ್ಲಿ ಅದರ ಅಂಗವಾಗಿ ಹುಟ್ಟಿ, ಆ ವ್ಯವಹಾರದವರ ವಶದಲ್ಲಿಯೇ, ಅವರ ತಿಳಿವಳಿಕೆಗಾಗಿಯೇ ಉಳಿದುಬಂದ ಪತ್ರಗಳು ಮಾತ್ರ ಅವರ ಅರ್ಥದಲ್ಲಿ ಪತ್ರಾಗಾರದ ಪತ್ರಗಳು. ಮುಂದೊಬ್ಬ ಚರಿತ್ರಕಾರನು ಬಂದು ಓದಿಯಾನೆಂದು ಅವುಗಳನ್ನು ಯಾರೂ ಬರೆಯಲಿಲ್ಲ. ಆದುದರಿಂದಲೇ ಅವು ನಿಷ್ಪಕ್ಷಪಾತವಾದುವು. ಕೈಯಿಂದ ಕೈಗೆ ತಪ್ಪದೆ ಬಂದುವು; ಆದುದರಿಂದಲೇ ಅವು ನಂಬತಕ್ಕವು. ಪಾಲಕನಾದವನಿಗೆ ಎರಡು ರಕ್ಷಣೆಗಳ ಹೊಣೆಯುಂಟು: ಬೆಂಕಿ, ನೀರು, ಹುಳು, ಕಳ್ಳ ಇವರಿಂದ ಪತ್ರದ ದೇಹವನ್ನು ಕಾಯುವುದು ಒಂದು, ಅದರ ಸಾಕ್ಷ್ಯಬಲವು ಕೆಡದಂತೆ ಕಾಯುವುದು ಇನ್ನೊಂದು. ಎರಡನೆಯದನ್ನು ಅವರು ನೈತಿಕ ರಕ್ಷಣೆಯೆಂದು ಕರೆಯುತ್ತಾರೆ. ಮೊದಲು ಪತ್ರದ ಸೇವೆ, ಆಮೇಲೆ ಓದುವವನ ಸೇವೆ ಎಂಬುದು ಅವರ ಕಟ್ಟಳೆ.

ಈ ತತ್ತ್ವವು ಕನ್ನಡ ಓದುಗರಿಗೆ ದೂರದ್ದೇನೂ ಅಲ್ಲ. ಮೈಸೂರಿನ ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಶೃಂಗೇರಿಯ ಮಠದಲ್ಲಿ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆಯಿಸಿದ ಕನ್ನಡ ಪತ್ರಗಳನ್ನು ಕಂಡುಹಿಡಿದರು. ೧೭೯೧ರಲ್ಲಿ ಮರಾಠರ ದಂಡಿನ ಕಡೆಯವರು ಮಠವನ್ನು ಕೊಳ್ಳೆಹೊಡೆದ ಪ್ರಸಂಗವೂ, ಆಮೇಲೆ ಸುಲ್ತಾನನು ಕಳುಹಿಸಿದ ನೆರವೂ ಅವುಗಳಿಂದ ಬೆಳಕಿಗೆ ಬಂದುವು. ಇವೇ ಪತ್ರಗಳು ಒಂದೊಂದಾಗಿ ಯಾವುದೋ ಸಂತೆಯಲ್ಲಿಯೋ, ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ದೊರಕಿದ್ದರೆ ಎಷ್ಟು ಜನ ನಂಬುತ್ತಿದ್ದರು? ಬರೆಯಿಸಿಕೊಂಡವರ ಮನೆಯಲ್ಲಿಯೇ, ಬಂದ ಪತ್ರಗಳ ನಡುವೆಯೇ ಅವು ಉಳಿದಿದ್ದುವೆಂಬುದೇ ಅವುಗಳ ಅರ್ಧ ಬೆಲೆ. ಇದಕ್ಕೆ ಪ್ರತಿಯಾಗಿ ಅರ್ಥಶಾಸ್ತ್ರದ ಕತೆಯನ್ನು ನೋಡಬಹುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ೧೯೦೫ರಲ್ಲಿ ತಂದುಕೊಟ್ಟ ತಾಳೆಯೋಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿ, ಜಗತ್ತನ್ನೇ ಬೆರಗುಗೊಳಿಸಿದರು. ಅದು ಮಹಾಗ್ರಂಥ, ಆದರೆ ಜೆಂಕಿನ್ಸನ್ನರ ಲೆಕ್ಕದಲ್ಲಿ ಪತ್ರಾಗಾರದ ಪತ್ರವಲ್ಲ. ಪ್ರತಿಯಿಂದ ಪ್ರತಿಗೆ, ಕೈಯಿಂದ ಕೈಗೆ ಬಂದ ಅದರ ದಾರಿಯು ಗೊತ್ತಿಲ್ಲದ ಕಾರಣ ಅದರ ಕಾಲ ಯಾವುದು, ಕರ್ತೃ ಯಾರು ಎಂಬ ವಾದವನ್ನು ಗ್ರಂಥದ ಒಳಗಣ ಮಾತಿನಿಂದಲೇ ನಡೆಸಬೇಕಾಯಿತು. ಈ ಎರಡು ಉದಾಹರಣೆಗಳನ್ನು ಎದುರುಬದುರಾಗಿ ಇರಿಸಿಕೊಂಡ ವಿದ್ಯಾರ್ಥಿಗೆ ಕೈಪಿಡಿಯ ಮೊದಲ ಭಾಗವು ತಾನೇ ತಾನಾಗಿ ತೆರೆದುಕೊಳ್ಳುತ್ತದೆ.

ಮುಂದಿನದು ಕ್ರಮದ ಪ್ರಶ್ನೆ. ಹಾಲೆಂಡಿನ ಮುಲ್ಲರ್, ಫೈತ್, ಫ್ರೌಯಿನ್ ಎಂಬ ಮೂವರು ೧೮೯೮ರಲ್ಲಿ ನೂರು ಸೂತ್ರಗಳ ಒಂದು ಕೈಪಿಡಿಯನ್ನು ಬರೆದಿದ್ದರು. ಅದಕ್ಕೂ ಹಿಂದೆ, ೧೮೪೧ರಲ್ಲಿ, ಫ್ರಾನ್ಸಿನ ನತಾಲಿ ದ ವೈಯಿ ಎಂಬವರ ಪ್ರೇರಣೆಯಿಂದ ಅಲ್ಲಿಯ ಸರ್ಕಾರವು ಒಂದು ಸುತ್ತೋಲೆಯನ್ನು ಹೊರಡಿಸಿತ್ತು. ಇವೆಲ್ಲವುಗಳ ತಿರುಳು ಒಂದೇ: ಒಂದು ಮನೆಯಿಂದ ಬಂದ ಪತ್ರಗಳನ್ನು ಇನ್ನೊಂದು ಮನೆಯವುಗಳೊಡನೆ ಬೆರಸಬಾರದು, ಆ ಮನೆಯವರು ಅವುಗಳನ್ನು ಇಟ್ಟ ಕ್ರಮವನ್ನು ಕೆಡಿಸಬಾರದು. ಈ ಸೂತ್ರವು ಓದುವಾಗ ಸುಲಭ, ಕೈಯಲ್ಲಿ ಕಷ್ಟ. ಬುದ್ಧಿವಂತನಾದ ವಿದ್ಯಾರ್ಥಿಗೆ ಅದು ಇನ್ನೂ ಕಷ್ಟ. ಅವನ ಮುಂದೆ ಒಂದು ಗಂಟು ಬಂತೆಂದು ಭಾವಿಸೋಣ. ಮೇಲೆ ಕೆರೆಯ ತೂಬಿನ ರಿಪೇರಿಯ ಅರ್ಜಿ. ಅದರ ಕೆಳಗೆ ಹೆಂಡದ ಗುತ್ತಿಗೆಯ ಒಪ್ಪಂದ. ಅದರ ಕೆಳಗೆ ಮತ್ತೆ ತೂಬಿನ ಮಾತು. ಓದಿದವನ ಬೆರಳು ತುರಿಸುತ್ತದೆ: ತೂಬನ್ನು ತೂಬಿನ ಜೊತೆಗೆ, ಹೆಂಡವನ್ನು ಹೆಂಡದ ಜೊತೆಗೆ ಹೊಂದಿಸಿಬಿಟ್ಟರೆ ಎಷ್ಟು ಚೆನ್ನ! ಹಾಗೆ ಹೊಂದಿಸಿದ ಕ್ಷಣದಲ್ಲಿಯೇ, ಗುತ್ತಿಗೆಯ ಹಣದಿಂದ ತೂಬಿನ ಕೆಲಸ ನಡೆಯಿತೆಂಬ ಸಂಗತಿಯು, ಯಾವ ಕಾಗದದಲ್ಲಿಯೂ ಬರೆದಿಲ್ಲದ, ಕಾಗದಗಳ ನೆರೆಹೊರೆಯಲ್ಲಿ ಮಾತ್ರ ಇದ್ದ ಸಂಗತಿಯು, ಇಲ್ಲವಾಗುತ್ತದೆ. ಅದನ್ನು ಅಳಿಸಿದವನಿಗೆ ತಾನು ಅಳಿಸಿದುದು ತಿಳಿಯುವುದೂ ಇಲ್ಲ.

ಗುಂಡುಸೂಜಿಯ ಮಾತೂ ಇದೇ ಜಾತಿಯದು. ಎಲ್ಲ ದೇಶಗಳ ಪತ್ರಾಗಾರಗಳಲ್ಲಿಯೂ ಹೊಸಬನಿಗೆ ಮೊದಲು ಹಚ್ಚುವ ಕೆಲಸ ತುಕ್ಕುಹಿಡಿದ ಸೂಜಿಗಳನ್ನು ಕೀಳುವುದು, ಮೆತ್ತನೆಯ ಕುಂಚದಿಂದ ಧೂಳು ಹೊಡೆಯುವುದು, ಮಡಿಕೆಗಳನ್ನು ಬಿಡಿಸುವುದು. ಕೆಲಸವು ಹಗುರವೆಂದು ತೋರುತ್ತದೆ; ಯಾರಾದರೂ ಮಾಡಬಹುದೆಂದೂ ತೋರುತ್ತದೆ. ಆದರೆ ಆ ಸೂಜಿಯು ಚುಚ್ಚಿದ್ದು ಬರಿಯ ಕಾಗದವನ್ನಲ್ಲ. ಈ ಮೂರು ಹಾಳೆಗಳು ಒಂದೇ ಕೈಯಿಂದ ಒಂದೇ ಹೊತ್ತಿನಲ್ಲಿ ಸಾಹೇಬನ ಮೇಜಿಗೆ ಹೋದುವೆಂಬುದಕ್ಕೆ ಅದೊಂದೇ ಸಾಕ್ಷಿ. ಕೀಳುವ ಮುನ್ನ ಯಾವುದಕ್ಕೆ ಯಾವುದು ಸೇರಿತ್ತೆಂದು ಗುರುತು ಮಾಡಿಕೊಳ್ಳದ ವಿದ್ಯಾರ್ಥಿಯು ಒಂದು ಮಧ್ಯಾಹ್ನದಲ್ಲಿ ಗೆದ್ದಲು ಹತ್ತು ವರ್ಷಗಳಲ್ಲಿ ಮಾಡದ ಕೇಡನ್ನು ಮಾಡಿಯಾನು. ಗೆದ್ದಲು ತಿಂದ ಕಡೆ ತೂತಾದರೂ ಉಳಿಯುತ್ತದೆ. ಜೆಂಕಿನ್ಸನ್ನರ ನೈತಿಕ ರಕ್ಷಣೆಯ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯವಿಲ್ಲ. ಆದರೆ ಈ ಭಾಷ್ಯವನ್ನು ಪುಸ್ತಕದಿಂದ ಕಲಿಯಲಾಗದು. ಹಿರಿಯನೊಬ್ಬನು ಪಕ್ಕದಲ್ಲಿ ನಿಂತು, ‘ತಡೆ, ಮೊದಲು ಬರೆದುಕೊ’ ಎಂದು ಕೈಹಿಡಿದಾಗಲೇ ಅದು ಮನಸ್ಸಿಗೆ ಹತ್ತುವುದು. ಕೆಲವು ವಾರಗಳ ಕಲಿಕೆಗೆ ಬೇರೆ ಯಾವ ಸಮರ್ಥನೆಯೂ ಬೇಡ.

ಗ್ರಂಥದ ಶೈಲಿಯನ್ನು ಕುರಿತು ಹೆಚ್ಚು ಹೇಳುವುದಕ್ಕಿಲ್ಲ. ವಾಕ್ಯಗಳು ಬಿಗಿಯಾಗಿವೆ, ಅಡಿಟಿಪ್ಪಣಿಗಳು ಹೇರಳವಾಗಿವೆ, ಉದಾಹರಣೆಗಳೆಲ್ಲ ಇಂಗ್ಲೆಂಡಿನ ಮಧ್ಯಯುಗದ ಖಜಾನೆ, ನ್ಯಾಯಸ್ಥಾನಗಳಿಂದ ಬಂದವು. ಅವುಗಳ ಪರಿಚಯವಿಲ್ಲದವನು ಎರಡನೆಯ ಭಾಗದಲ್ಲಿ ಬೇಸರಪಟ್ಟರೆ ಅವನ ತಪ್ಪೇನೂ ಅಲ್ಲ.

ತಪ್ಪು ಎಂದು ಹೇಳಬೇಕಾದುದು ಮೂರನೆಯ ಭಾಗದಲ್ಲಿದೆ. ಕಾಗದವೆಲ್ಲವನ್ನೂ ಇಡುವುದು ಅಸಾಧ್ಯ. ಯಾವುದನ್ನೋ ಸುಡಲೇ ಬೇಕು. ಸುಡತಕ್ಕುದನ್ನು ಆರಿಸುವವರು ಯಾರು? ಪತ್ರಪಾಲಕನು ಆರಿಸಕೂಡದೆಂದು ಜೆಂಕಿನ್ಸನ್ನರ ತೀರ್ಮಾನ. ಆರಿಸಿದೊಡನೆ ಅವನ ರುಚಿ, ಅವನ ಕಾಲದ ರುಚಿ, ಪತ್ರಗಳಿಗೆ ಅಂಟಿಕೊಳ್ಳುತ್ತದೆ, ನಿಷ್ಪಕ್ಷಪಾತವು ಹೋಗುತ್ತದೆ. ಚರಿತ್ರಕಾರನಂತೂ ಆರಿಸಲೇಕೂಡದು. ಪತ್ರಗಳನ್ನು ಹುಟ್ಟಿಸಿದ ಆಡಳಿತದವರೇ ತಮ್ಮ ವ್ಯವಹಾರಕ್ಕೆ ಬೇಕೇ ಬೇಡವೇ ಎಂಬುದೊಂದನ್ನೇ ನೋಡಿ ಆರಿಸಲಿ. ಉಳಿದುದನ್ನು ಪಾಲಕನು ಕಾಯಲಿ. ತರ್ಕವು ನಿರ್ದೋಷವಾಗಿದೆ. ವಿನಯವನ್ನು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವೂ ದೊರೆಯದು. ಆದರೆ ಆಡಳಿತದವನು ದೇವರಲ್ಲ. ತನ್ನ ವ್ಯವಹಾರವೆಂದರೇನೆಂಬುದೇ ಅವನಿಗೆ ಅನೇಕ ವೇಳೆ ತಿಳಿದಿರುವುದಿಲ್ಲ.

ಇಂಗ್ಲೆಂಡಿನಲ್ಲಿಯೇ ನಡೆದ ಒಂದು ಸಂಗತಿಯಿಂದ ಇದನ್ನು ಅಳೆಯಬಹುದು. ಎರಡನೆಯ ಮಹಾಯುದ್ಧದ ತರುವಾಯ ವೆಸ್ಟ್ ಇಂಡೀಸಿನಿಂದ ಸಾವಿರಾರು ಜನರು ಹಡಗುಗಳಲ್ಲಿ ಬಂದು ಇಳಿದರು. ೧೯೪೮ರಲ್ಲಿ ಬಂದ ವಿಂಡ್‌ರಷ್ ಎಂಬ ಹಡಗಿನ ಹೆಸರೇ ಆ ತಲೆಮಾರಿಗೆ ನಿಂತಿತು. ಇಳಿದವರ ಹೆಸರು, ತಾರೀಖು, ಹಡಗು ಇಷ್ಟನ್ನು ಬರೆದ ಚೀಟಿಗಳು ಗೃಹಖಾತೆಯ ಕಚೇರಿಯಲ್ಲಿ ಬಿದ್ದಿದ್ದುವು. ೧೯೭೩ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ದೇಶದಲ್ಲಿರುವ ಹಕ್ಕು ಕಾನೂನಿನಿಂದಲೇ ಇತ್ತು. ಹಾಗಿದ್ದರೂ ಅವರಲ್ಲಿ ಅನೇಕರಿಗೆ ಅದನ್ನು ತೋರಿಸುವ ಕಾಗದವನ್ನು ಯಾರೂ ಕೊಟ್ಟಿರಲಿಲ್ಲ. ಕಚೇರಿಯು ಬೇರೆ ಕಟ್ಟಡಕ್ಕೆ ಹೋಗುವ ಸಂದರ್ಭದಲ್ಲಿ, ೨೦೧೦ರಲ್ಲಿ, ಆ ಚೀಟಿಗಳನ್ನು ನಾಶಮಾಡಲಾಯಿತು. ಮುಂದೆ ಮುದುಕರಾದ ಆ ಜನರನ್ನೇ, ‘ನೀವು ಎಂದು ಬಂದಿರಿ, ಸಾಕ್ಷಿ ತನ್ನಿ’ ಎಂದು ಕೇಳಲಾಯಿತು. ಕೆಲಸ ಕಳೆದುಕೊಂಡವರುಂಟು, ಚಿಕಿತ್ಸೆ ಸಿಕ್ಕದವರುಂಟು, ದೇಶದಿಂದ ಹೊರಗೆ ಹಾಕಲ್ಪಟ್ಟವರುಂಟು. ೨೦೧೮ರಲ್ಲಿ ವಿಷಯವು ಹೊರಬಿದ್ದು ಸರ್ಕಾರವು ಕ್ಷಮೆ ಕೇಳಬೇಕಾಯಿತು. ಇಳಿದ ದಿನದ ಚೀಟಿಯು ಅನಂತರ ಎಡೆಬಿಡದೆ ನೆಲೆಸಿದ್ದಕ್ಕೆ ಪ್ರಮಾಣವಾಗದೆಂದು ಖಾತೆಯವರು ಸಮಾಧಾನ ಹೇಳಿದರು. ಮಾತು ಅಕ್ಷರಶಃ ಸರಿಯಿರಬಹುದು. ತಮ್ಮ ವ್ಯವಹಾರಕ್ಕೆ ಇನ್ನು ಬೇಡವೆಂದು ಆಡಳಿತದವರು ನಾಶಮಾಡಿದರು. ಕೈಪಿಡಿಯ ಮೂರನೆಯ ಭಾಗವು ಅವರಿಗೆ ಕೊಟ್ಟ ಅಧಿಕಾರವೂ ಅಷ್ಟೇ ತಾನೆ? ಆದರೆ ಆ ಚೀಟಿಯಲ್ಲಿ ಒಬ್ಬೊಬ್ಬ ಬಡವನ ಮನೆಯೇ ನಿಂತಿತ್ತೆಂಬುದನ್ನು ಅಳೆಯುವ ಕೋಲು ಆ ಭಾಗದಲ್ಲಿಲ್ಲ.

ಜೆಂಕಿನ್ಸನ್ನರನ್ನು ಈ ಅಂಶದಲ್ಲಿ ಎದುರಿಸಿ ನಿಂತವರು ಅಮೆರಿಕದ ಷೆಲೆನ್‌ಬರ್ಗ್. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರವು ೧೯೩೪ರಲ್ಲಿ ಸ್ಥಾಪಿತವಾದುದು; ಅದರ ಬಾಗಿಲಿಗೆ ಬಂದು ಬಿದ್ದ ಕಾಗದದ ಪ್ರವಾಹದಲ್ಲಿ ನಿಂತು ೧೯೫೬ರಲ್ಲಿ ಅವರು ಬರೆದ ಗ್ರಂಥವು, ಆರಿಸುವುದೇ ಪಾಲಕನ ಮುಖ್ಯ ವಿದ್ಯೆಯೆಂದು ಸಾರಿತು. ಪತ್ರಕ್ಕೆ ಹುಟ್ಟಿಸಿದವರ ಪಾಲಿನ ಬೆಲೆಯೊಂದು, ಇತರರ ಪಾಲಿನ ಬೆಲೆಯೊಂದು; ಈ ಎರಡನೆಯದರಲ್ಲಿ ಮತ್ತೆ ಸಾಕ್ಷ್ಯದ ಬೆಲೆ, ಸಮಾಚಾರದ ಬೆಲೆ ಎಂದು ಅವರ ವಿಭಾಗ. ವಿದ್ಯಾರ್ಥಿಗಳಿಗೆ ಇದು ಪ್ರಿಯವಾದುದು ಸಹಜ: ಸೂಜಿ ಕೀಳುವವನಿಗೆ ಇದು ತಕ್ಕಡಿಯನ್ನು ಕೊಡುತ್ತದೆ. ಆದರೆ ಷೆಲೆನ್‌ಬರ್ಗರ ತಕ್ಕಡಿಯ ಒಂದು ತಟ್ಟೆಯಲ್ಲಿ ಯಾವಾಗಲೂ ಸಂಶೋಧಕನೇ ಕುಳಿತಿರುತ್ತಾನೆ, ಅವನ ಆಸಕ್ತಿಯೋ ಇಪ್ಪತ್ತು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಹಡಗಿನಿಂದಿಳಿದ ಅನಾಮಧೇಯರ ಚೀಟಿಗಳು ಈ ತಕ್ಕಡಿಯಲ್ಲಿಯೂ ಉಳಿಯುತ್ತಿದ್ದುವೆಂದು ಧೈರ್ಯವಾಗಿ ಹೇಳುವಂತಿಲ್ಲ. ಭಾರತದ ಸಾರ್ವಜನಿಕ ದಾಖಲೆಗಳ ಕಾಯಿದೆಯು (೧೯೯೩) ಒಂದು ಅಂಶದಲ್ಲಿ ಈ ಇಬ್ಬರಿಗಿಂತಲೂ ಜಾಣತನವನ್ನು ತೋರಿದೆ: ೧೮೯೨ಕ್ಕೆ ಹಿಂದಿನ ಯಾವ ದಾಖಲೆಯನ್ನೂ, ಅದು ಉಪಯೋಗಕ್ಕೆ ಬಾರದಷ್ಟು ಜೀರ್ಣವಾಗಿದ್ದ ಹೊರತು, ನಾಶಮಾಡಕೂಡದೆಂದು ಅದು ಗೆರೆ ಎಳೆದಿದೆ. ಗೆರೆಗೆ ರುಚಿಯಿಲ್ಲ, ಪಕ್ಷಪಾತವೂ ಇಲ್ಲ. ಆ ಗೆರೆಯ ಈಚೆಗಿನದಕ್ಕೆ ಮಾತ್ರ ಮನುಷ್ಯನ ವಿವೇಕವೇ ಗತಿ.

ಅಖಂಡವಾದ ವಶವೇ ಪತ್ರದ ಪ್ರಾಮಾಣ್ಯಕ್ಕೆ ಆಧಾರವೆಂಬ ಮಾತಿಗೂ ಒಂದು ಕಹಿಯಾದ ಪರೀಕ್ಷೆ ಒದಗಿತು. ಕೀನ್ಯದಲ್ಲಿ ೧೯೫೦ರ ದಶಕದ ಮೌ ಮೌ ದಂಗೆಯ ಕಾಲದಲ್ಲಿ ಶಿಬಿರಗಳಲ್ಲಿ ಚಿತ್ರಹಿಂಸೆಗೆ ಗುರಿಯಾದವರು ೨೦೦೯ರಲ್ಲಿ ಬ್ರಿಟಿಷ್ ಸರ್ಕಾರದ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿದರು. ಆ ಕಾಲದ ಅನೇಕ ಕಡತಗಳು ಕೀನ್ಯದಲ್ಲಿಯೂ ಇರಲಿಲ್ಲ, ಲಂಡನ್ನಿನ ಪತ್ರಾಗಾರದಲ್ಲಿಯೂ ಇರಲಿಲ್ಲ. ವಸಾಹತುಗಳನ್ನು ಬಿಟ್ಟು ಹೊರಡುವಾಗ ಅಧಿಕಾರಿಗಳು ಕೆಲವನ್ನು ಸುಟ್ಟು, ಕೆಲವನ್ನು ಹಡಗಿಗೇರಿಸಿದ್ದರು. ದಾವೆಯ ಒತ್ತಾಯಕ್ಕೆ ಸಿಕ್ಕಿ ೨೦೧೧ರಲ್ಲಿ ವಿದೇಶಾಂಗ ಖಾತೆಯವರು ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ ತಾವು ಇಟ್ಟುಕೊಂಡಿದ್ದ ಭಂಡಾರವನ್ನು ಒಪ್ಪಿಕೊಂಡರು: ಕೀನ್ಯದವು ಸುಮಾರು ೧,೫೦೦ ಕಡತಗಳು, ೩೭ ವಸಾಹತುಗಳಿಂದ ಬಂದವು ಒಟ್ಟು ಸುಮಾರು ೮,೮೦೦. ವಶವೇನೋ ಅಖಂಡವಾಗಿತ್ತು, ಕ್ರಮವೂ ಕೆಟ್ಟಿರಲಿಲ್ಲವೆನ್ನೋಣ. ಇಲ್ಲದ್ದು ಬಾಗಿಲು. ಇಲ್ಲಿ ಜೆಂಕಿನ್ಸನ್ನರಿಗೆ ಅನ್ಯಾಯ ಮಾಡಬಾರದು. ಆ ಪತ್ರಗಳು ಪಾಲಕರ ಕೈಗೆ ಬರಲೇ ಇಲ್ಲ. ಆಡಳಿತದವರ ಕೈಯಲ್ಲಿಯೇ ಉಳಿದುವು. ತಿಳಿಯಬಯಸಿದ ಎಲ್ಲರಿಗೂ ಪೂರ್ವಗ್ರಹವಿಲ್ಲದೆ ಸಾಧನವನ್ನು ಒದಗಿಸುವುದೇ ಪಾಲಕನ ಗುರಿಯೆಂದು ಅವರೇ ಮುಂದೆ ಉಪನ್ಯಾಸವೊಂದರಲ್ಲಿ ಒತ್ತಿ ಹೇಳಿದ್ದುಂಟು. ಆದರೂ ಆಡಳಿತವನ್ನು ಅಷ್ಟು ನಂಬಿದ ಗ್ರಂಥದಲ್ಲಿ, ಆಡಳಿತವೇ ಮುಚ್ಚಿಟ್ಟರೆ ಏನು ಗತಿಯೆಂಬ ಪ್ರಶ್ನೆಯು ಏಳದಿರುವುದು ಒಂದು ಕೊರತೆಯೇ ಸರಿ.

ಆ ಕಡತಗಳನ್ನು ತೆರೆದು ಓದಿದವರು ಯಾರು? ದಾವೆಗೆ ತಜ್ಞಸಾಕ್ಷಿಗಳಾಗಿದ್ದ ಚರಿತ್ರಕಾರರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ಯಾರೊಲಿನ್ ಎಲ್ಕಿನ್ಸ್ ಒಬ್ಬರು. ರಾಶಿ ದೊಡ್ಡದು, ಕಾಲ ಚಿಕ್ಕದು. ಅವರು ತಮ್ಮ ಕೆಲವರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಹಾಳೆಹಾಳೆಯನ್ನೂ ಗುರುತಿಸಿ ಪಟ್ಟಿಮಾಡಿಸಿದರು. ಪಟ್ಟಿಮಾಡುವುದು ಉಮೇದುವಾರನ ಕೆಲಸವೇ: ತಾರೀಖು ಯಾವುದು, ಬರೆದವರು ಯಾರು, ಯಾರಿಗೆ, ವಿಷಯವೇನು. ಆದರೆ ಈ ಸಲ ಪಟ್ಟಿಯ ಕೊನೆಯಲ್ಲಿ ಹಿಂಸೆಯನ್ನು ಅನುಭವಿಸಿದ ಮುದುಕರಿದ್ದರು. ೨೦೧೩ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರವು ವಿಷಾದವನ್ನು ಸೂಚಿಸಿ, ೫,೨೨೮ ಮಂದಿಯ ಪರವಾಗಿ ಖರ್ಚೂ ಸೇರಿ ೧೯.೯ ದಶಲಕ್ಷ ಪೌಂಡುಗಳ ರಾಜಿಗೆ ಒಪ್ಪಿತು. ಪಟ್ಟಿ ಬರೆಯುವ ಕೆಲಸವನ್ನು ಮಕ್ಕಳಾಟವೆಂದು ಬಗೆಯುವ ಹಿರಿಯರು ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಂಥ ವಿದ್ಯೆಯನ್ನು ಕಲಿಸುವ ಬಗೆ ಹೇಗೆ ಎಂಬುದಕ್ಕೆ ಫ್ರೆಂಚರ ಉತ್ತರವು ಬಹಳ ಹಳೆಯದು. ಹದಿನೆಂಟನೆಯ ಲೂಯಿ ಅರಸನು ೧೮೨೧ರಲ್ಲಿ ಪ್ಯಾರಿಸಿನಲ್ಲಿ ‘ಎಕೋಲ್ ದೆ ಶಾರ್ತ್’, ಎಂದರೆ ಶಾಸನಪತ್ರಗಳ ಶಾಲೆ, ಎಂಬುದನ್ನು ಸ್ಥಾಪಿಸಿದನು. ಮೊದಲ ತಂಡದಲ್ಲಿ ಹನ್ನೆರಡು ಮಂದಿ ವಿದ್ಯಾರ್ಥಿಗಳು; ಅವರಿಗೆ ಸರ್ಕಾರದಿಂದ ವೇತನ. ಪಾಠವು ನಡೆದುದು ಪತ್ರಾಗಾರದಲ್ಲಿಯೂ ಅರಸನ ಪುಸ್ತಕಭಂಡಾರದಲ್ಲಿಯೂ, ಮೂಲಪತ್ರಗಳ ಎದುರಿನಲ್ಲಿಯೇ. ಶಾಲೆಯು ಬೇಗನೆ ನಿಂತುಹೋಗಿ ೧೮೨೯ರಲ್ಲಿ ಮತ್ತೆ ತೆರೆಯಿತೆಂಬುದು ನಿಜ; ಹೊಸ ವಿದ್ಯೆಗಳಿಗೆ ಇಂಥ ಬಾಲಾರಿಷ್ಟವು ಇದ್ದದ್ದೇ. ೧೮೫೦ರಲ್ಲಿ ಜಿಲ್ಲೆಗಳ ಪತ್ರಪಾಲಕರ ಹುದ್ದೆಗಳನ್ನು ಅಲ್ಲಿ ಕಲಿತವರಿಗೇ ಮೀಸಲಾಗಿಟ್ಟರು. ಕಲಿಯುವಾಗ ಊಟ, ಕಲಿತಮೇಲೆ ಹುದ್ದೆ: ಉಮೇದುವಾರನಿಗೆ ಇದಕ್ಕಿಂತ ಹೆಚ್ಚು ಬೇಕೆ?

ಈ ಶಾಲೆಯ ವಿದ್ಯೆಗೆ ದೊಡ್ಡ ಪರೀಕ್ಷೆಯಾದುದು ದ್ರೇಫುಸನ ಮೊಕದ್ದಮೆಯಲ್ಲಿ. ಜರ್ಮನರಿಗೆ ಗುಟ್ಟು ಮಾರಿದನೆಂಬ ಆರೋಪವನ್ನು ಹೊತ್ತು ಆ ಯೆಹೂದಿ ಸೇನಾಧಿಕಾರಿಯು ದ್ವೀಪವಾಸಕ್ಕೆ ಹೋದುದು ಒಂದು ಬರಹದ ಚೀಟಿಯ ಮೇಲೆ. ೧೮೯೮ರ ಫೆಬ್ರುವರಿಯಲ್ಲಿ ಕಾದಂಬರಿಕಾರ ಜೋಲಾನ ವಿಚಾರಣೆ ನಡೆದಾಗ ಶಾಲೆಯ ಮುಖ್ಯಾಧಿಕಾರಿ ಪೋಲ್ ಮೇಯೆರ್ ಸಾಕ್ಷಿಗಟ್ಟೆಯನ್ನು ಹತ್ತಿ, ಆ ಕೈಬರಹವು ದ್ರೇಫುಸನದಲ್ಲ, ಎಸ್ತರಾಜಿ ಎಂಬ ಇನ್ನೊಬ್ಬ ಅಧಿಕಾರಿಯದು ಎಂದು ನುಡಿದರು. ಜೀರಿ, ಮೊಲಿನಿಯೇ ಎಂಬ ಅದೇ ಶಾಲೆಯ ಪಂಡಿತರೂ ಅದನ್ನು ಬೆಂಬಲಿಸಿದರು. ಮಧ್ಯಯುಗದ ದಾನಪತ್ರಗಳಲ್ಲಿ ನಿಜವನ್ನೂ ಖೋಟಾವನ್ನೂ ಬೇರ್ಪಡಿಸಲು ಕಲಿತ ಕಣ್ಣು ಅಂದು ಒಬ್ಬ ಜೀವಂತ ಮನುಷ್ಯನ ಕಡೆಗೆ ತಿರುಗಿತು. ಮೂಲವು ಸಿಕ್ಕದುದರಿಂದ ಮೇಯೆರರು ಛಾಯಾಪ್ರತಿಯನ್ನೇ ನೋಡಿ ಹೇಳಬೇಕಾಯಿತು. ಎದುರಾಳಿಗಳು ಅದನ್ನೇ ಹಿಡಿದು ಹೀಯಾಳಿಸಿದರು. ಶಾಲೆಯೊಳಗೇ ಎರಡು ಪಕ್ಷಗಳಾದುವು. ದ್ರೇಫುಸನು ನಿರ್ದೋಷಿಯೆಂದು ತೀರ್ಪಾದುದು ೧೯೦೬ರಲ್ಲಿ. ಪತ್ರಪಾಲಕನು ತೀರ್ಮಾನಗಳಿಂದ ದೂರವಿರಬೇಕೆಂಬ ಜೆಂಕಿನ್ಸನ್ನರ ಉಪದೇಶವನ್ನು ಈ ಮೂವರು ಮುಂಗಂಡು ಪಾಲಿಸಿದ್ದರೆ ಅವರ ಮಾನವು ಉಳಿಯುತ್ತಿತ್ತೋ ಹೋಗುತ್ತಿತ್ತೋ ವಾಚಕರೇ ಯೋಚಿಸಬೇಕು.

ಇಂಗ್ಲೆಂಡಿನಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದುದು ಬಹಳ ತಡವಾಗಿ: ಲಂಡನ್ನಿನಲ್ಲಿಯೂ ಲಿವರ್ಪೂಲಿನಲ್ಲಿಯೂ ೧೯೪೭ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾರಂಭೋಪನ್ಯಾಸವನ್ನು ಕೊಟ್ಟವರು ಜೆಂಕಿನ್ಸನ್ನರೇ. ಮೇಲೆ ಹೇಳಿದ ಉಪನ್ಯಾಸವು ಇದೇ. ಕೈಪಿಡಿಯಲ್ಲಿ ಕಾಣದ ಒಂದು ಬಿಸುಪು ಇದರಲ್ಲಿದೆ. ಪತ್ರಪಾಲಕನನ್ನು ಸತ್ಯದ ನಿಸ್ವಾರ್ಥ ಸೇವಕನನ್ನಾಗಿ ಅವರು ಚಿತ್ರಿಸುತ್ತಾರೆ. ಇಪ್ಪತ್ತೈದು ವರ್ಷಗಳ ಹಿಂದೆ ಕಾಗದವನ್ನೇ ನೋಡಿದವರು ಇಲ್ಲಿ ಮನುಷ್ಯನನ್ನು ನೋಡಿದರು. ಆದರೆ ನಿಸ್ವಾರ್ಥವೆಂಬ ಆ ಮಾತು ಕಲಿಯುವವನ ಪಾಲಿಗೆ ಇಬ್ಬಾಯಿಯ ಕತ್ತಿ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಈಚಿನ ದಶಕಗಳಲ್ಲಿ ಎದ್ದಿರುವ ದೂರೇನೆಂದರೆ, ಈ ವಿದ್ಯೆಗೆ ಪ್ರವೇಶ ಬೇಕಾದರೆ ಮುಂಚೆಯೇ ಎಲ್ಲಾದರೂ ತಿಂಗಳುಗಟ್ಟಲೆ, ಎಷ್ಟೋ ವೇಳೆ ಸಂಬಳವಿಲ್ಲದೆ, ದುಡಿದು ಬಂದಿರಬೇಕು ಎಂಬುದು. ತಂದೆತಾಯಿಗಳ ಗಂಟಿನಿಂದ ಉಣ್ಣಬಲ್ಲವನು ನಿಸ್ವಾರ್ಥಿಯಾಗಿರಬಲ್ಲನು. ಉಳಿದವನು ಬೇರೆ ಕೆಲಸಕ್ಕೆ ಹೋಗುತ್ತಾನೆ. ಪರಿಣಾಮವಾಗಿ ಎಲ್ಲ ಜಾತಿಯ ಎಲ್ಲ ಅಂತಸ್ತಿನ ಜನರ ಪತ್ರಗಳನ್ನು ಕಾಯುವ ಮನೆಯಲ್ಲಿ ಒಂದೇ ಅಂತಸ್ತಿನವರು ತುಂಬಿಕೊಳ್ಳುತ್ತಾರೆ. ಹಡಗಿನಿಂದಿಳಿದವನ 'ಚೀಟಿಯ' ಬೆಲೆಯು ಹಡಗಿನಿಂದಿಳಿದವನ ಮೊಮ್ಮಗನಿಗೆ ಬೇಗ ಹೊಳೆದೀತು. ಅವನೇ ಒಳಗೆ ಬಾರದಿದ್ದರೆ?

ಎರಡನೆಯ ದೂರು ಇದಕ್ಕಿಂತ ಸಣ್ಣದು, ಆದರೆ ನಿತ್ಯದ್ದು. ವರ್ಷಗಳಿಂದ ಯಾರೂ ಮುಟ್ಟದ ಗಂಟುಗಳನ್ನು ಹೊಸಬನ ಮುಂದೆ ಸುರಿದು, ‘ಪಟ್ಟಿಮಾಡು’ ಎಂದು ಹೇಳಿ ಹೋಗಿಬಿಡುವುದು. ಹಾಗೆ ಮಾಡಿದ ಪಟ್ಟಿಯನ್ನು ಯಾರೂ ತಿದ್ದುವುದಿಲ್ಲ. ತಿದ್ದದ ಪಟ್ಟಿಯೇ ಮುಂದೆ ಐವತ್ತು ವರ್ಷ ಸಂಶೋಧಕರಿಗೆ ದಾರಿದೀಪವಾಗುತ್ತದೆ. ವಿದ್ಯಾರ್ಥಿಯೊಬ್ಬನು ಊರಿನ ಹೆಸರನ್ನು ತಪ್ಪಾಗಿ ಓದಿದರೆ ಆ ಊರೇ ಚರಿತ್ರೆಯಿಂದ ಜಾರಿಬೀಳಬಹುದು. ಹಳೆಯ ಉಮೇದುವಾರನ ನಕಲನ್ನಾದರೋ ಗುಮಾಸ್ತೆಯು ಮೂಲದೊಡನೆ ತಾಳೆನೋಡಿ ರುಜುಹಾಕುತ್ತಿದ್ದನು. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರವು (೧೮೯೧ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಹೆಸರಿನಿಂದ ಹುಟ್ಟಿದುದು) ೧೯೭೬ರಲ್ಲಿ ತನ್ನ ಆಶ್ರಯದಲ್ಲಿಯೇ ತರಬೇತಿಯ ಸಂಸ್ಥೆಯನ್ನು ತೆರೆದುದರಲ್ಲಿ ಒಂದು ಔಚಿತ್ಯವಿದೆ: ಕಲಿಸುವವರೂ ಕಾಯುವವರೂ ಒಂದೇ ಸೂರಿನ ಕೆಳಗಿದ್ದರೆ ತಾಳೆನೋಡುವವನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ತಾಳೆನೋಡುವ ವಿಷಯದಲ್ಲಿ ಕೌಟಿಲ್ಯನಿಗಿಂತ ಕಟುವಾದ ಗುರು ಬೇರೊಬ್ಬನಿಲ್ಲ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರದ ಮನೆಯ ವರ್ಣನೆಯಿದೆ. ಅದರ ಮುಖ ಪೂರ್ವಕ್ಕೋ ಉತ್ತರಕ್ಕೋ ಇರಬೇಕು, ಬೇರೆಬೇರೆ ಪೀಠಗಳಿರಬೇಕು, ನಿಬಂಧಪುಸ್ತಕಗಳಿಗೆ ನಿಯತವಾದ ಸ್ಥಳವಿರಬೇಕು. ಆಷಾಢದಲ್ಲಿ ಲೆಕ್ಕಿಗರು ಮುದ್ರೆಹಾಕಿದ ಪುಸ್ತಕಗಳನ್ನು ಹೊತ್ತುಕೊಂಡು ಬಂದಾಗ ಅವರು ತಮ್ಮತಮ್ಮಲ್ಲಿ ಮಾತಾಡದಂತೆ ತಡೆಯಬೇಕು. ಈ ಕಡೆಯ ನಿಯಮವನ್ನು ಓದಿ ನಗದಿರುವುದು ಕಷ್ಟ. ಕಚೇರಿಗಳನ್ನು ಬಲ್ಲವರಿಗೆ ನಗುವೂ ಬೇಗನೆ ನಿಲ್ಲುತ್ತದೆ. ಜೆಂಕಿನ್ಸನ್ನರು ಆಡಳಿತದವನನ್ನು ನಂಬಿದರು. ಕೌಟಿಲ್ಯನು ಯಾರನ್ನೂ ನಂಬಲಿಲ್ಲ.

ಕಡತವೆಂಬ ಕನ್ನಡ ಮಾತಿನಲ್ಲಿಯೂ ಈ ಸಂದೇಹವು ಅಡಗಿದೆ. ಇಂದು ಕಡತವೆಂದರೆ ದಾರದಿಂದ ಕಟ್ಟಿದ ಕಾಗದಗಳ ಕಂತೆ. ಹಿಂದೆ ಅದು ಹುಣಿಸೆಬೀಜದ ಸರಿ, ಇದ್ದಿಲಿನ ಪುಡಿ ಇವುಗಳನ್ನು ಬಳಿದು ಕಪ್ಪುಮಾಡಿದ ಬಟ್ಟೆಯ ಮಡಿಕೆಯಾಗಿತ್ತು. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬರೆದುದು ಬಹುಕಾಲ ನಿಲ್ಲುತ್ತಿತ್ತು. ಆದರೆ ಬೇಕೆಂದವನು ಒರೆಸಿ ಬೇರೆ ಬರೆಯಬಹುದಾಗಿತ್ತು. ಶಾನುಭೋಗನ ಮನೆಯ ಕಡತವನ್ನು ಊರು ನಂಬುತ್ತಿದ್ದುದು ಬಟ್ಟೆಯ ಗುಣದಿಂದಲ್ಲ. ಅದನ್ನು ಇಟ್ಟುಕೊಂಡವನ ಮೇಲಣ ನಂಬಿಕೆಯಿಂದ, ಇಲ್ಲವೆ ಭಯದಿಂದ.

ಕಂಪ್ಯೂಟರಿನ ಕಡತವು ಈ ಹಳೆಯ ಕಡತದ ಕಡೆಗೇ ಮರಳಿದೆ. ಒರೆಸಿ ಬರೆದರೆ ಮಚ್ಚೆಯೂ ಕಾಣದು. ಅದಕ್ಕೆ ಸೂಜಿಯಿಲ್ಲ, ಮಡಿಕೆಯಿಲ್ಲ; ನೆರೆಹೊರೆಯೆಂಬುದನ್ನು ಯಂತ್ರವು ಕೇಳಿದವರಿಗೆ ಕೇಳಿದಂತೆ ಜೋಡಿಸಿ ತೋರಿಸುತ್ತದೆ. ಇಂಥದನ್ನು ಹುಟ್ಟಿದ ನಲವತ್ತು ವರ್ಷಗಳ ಮೇಲೆ ಪತ್ರಾಗಾರಕ್ಕೆ ತಂದು ಕಾಯುತ್ತೇವೆಂದರೆ ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ. ಪತ್ರವು ಹುಟ್ಟುವ ಕ್ಷಣದಲ್ಲಿಯೇ ಅದರ ಕಟ್ಟುಪಾಡನ್ನು ಗೊತ್ತುಮಾಡಬೇಕಾಗಿದೆ. ಕೌತುಕವೇನೆಂದರೆ, ಹಳಬರೆಂದು ಮೂದಲಿಸಲ್ಪಡುವ ಜೆಂಕಿನ್ಸನ್ನರೇ ಕೈಪಿಡಿಯ ನಾಲ್ಕನೆಯ ಭಾಗವನ್ನು ಪತ್ರಗಳ ನಿರ್ಮಾಣಕ್ಕೆ ಮೀಸಲಿಟ್ಟು, ಮುಂದಿನ ಕಾಲದ ಪತ್ರಾಗಾರವನ್ನು ಇಂದಿನ ಕಚೇರಿಯ ಮೇಜಿನ ಮೇಲೆಯೇ ಹೇಗೆ ಕಟ್ಟಬೇಕೆಂದು ವಿಚಾರಮಾಡಿದ್ದಾರೆ. ಬೋಧಕರು ಸಾಮಾನ್ಯವಾಗಿ ಎರಡನೆಯ ಭಾಗವನ್ನು ಓದಿಸಿ, ಮೂರನೆಯದರ ಮೇಲೆ ಜಗಳವಾಡಿಸಿ, ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ವಿದ್ಯಾರ್ಥಿಯನ್ನು ಹಳೆಯ ಗಂಟುಗಳ ಕೋಣೆಗೆ ಮಾತ್ರವಲ್ಲದೆ, ಎರಡು ವಾರಗಳಾದರೂ, ಇಂದಿನ ಪತ್ರಗಳು ಹುಟ್ಟುತ್ತಿರುವ ತಾಲ್ಲೂಕು ಕಚೇರಿಗೋ ಆಸ್ಪತ್ರೆಗೋ ನ್ಯಾಯಾಲಯಕ್ಕೋ ಈ ನಾಲ್ಕನೆಯ ಭಾಗವನ್ನು ಕೈಯಲ್ಲಿ ಕೊಟ್ಟು ಕಳುಹಿಸುವುದು ಯುಕ್ತ. ಅಲ್ಲಿ ಕುಳಿತ ಗುಮಾಸ್ತೆಯು ಯಾವುದನ್ನು ಬರೆದಿಡುತ್ತಾನೆ, ಯಾವುದನ್ನು ಬಾಯಿಮಾತಿನಲ್ಲಿ ಮುಗಿಸುತ್ತಾನೆ ಎಂಬುದನ್ನು ಅವನು ನೋಡಲಿ.